ಊರುಗೋಲಿನ ಹಕ್ಕಿ

ನಮ್ಮಕ್ಕನಿಗೆ ಗೀರು ಕಂಡರಾಗದು. ಹೊಸ ಬಾಣಲೆಯನ್ನು ತಂತಿ ನಾರಿನಲ್ಲಿ ಉಜ್ಜಿದ ತಪ್ಪಿಗೆ ಭಾವನ ಜೊತೆ ವಾರವಿಡೀ ಮಾತು ಬಿಟ್ಟಿದ್ದಳು. ಅವಳ ಕೆಲಸವೇ ಅಂಥದ್ದು. ಮೆಗ್ನೀಸಿಯಂ ಬೆರೆತ ಹಗುರ ಲೋಹದ ಸಾಮಾನುಗಳಿಗೆ ಕಪ್ಪು ಲೇಪ ಹಚ್ಚುವ ಕಾರ್ಖಾನೆಯಲ್ಲಿ ಅವಳು ಮೇಸ್ತ್ರಿ. ಗ್ರಾಫೀನ್ ಎಂಬ ಇಂಗಾಲದ ಪುಡಿಯನ್ನು ಅಂಟಿನಲ್ಲಿ ಕಲಸಿ, ತೆಳ್ಳಗೆ ಬಳಿದು, ಒಲೆಯಲ್ಲಿ ಕಾಯಿಸಿದರೆ ಉಪ್ಪುಗಾಳಿಯೂ ಲೋಹದ ತಂಟೆಗೆ ಬರುವುದಿಲ್ಲ. ಆದರೆ ಗೀರು ಬಿತ್ತೋ, ಕೆಟ್ಟಿತು ಕಥೆ. ಕಾವಲಿಗಿದ್ದ ಇಂಗಾಲವೇ ಆ ಗೀರಿನಲ್ಲಿ ಲೋಹವನ್ನು ಇನ್ನೂ ಬೇಗ ಸವೆಸುತ್ತದೆ.

ಅಮ್ಮನಿಗೆ ಮಣಿಕಟ್ಟು ನೋವು. ಹಳೆಯ ಕಬ್ಬಿಣದ ಊರುಗೋಲು ಭಾರವಾಗಿ, ಸಮುದ್ರದ ದಂಡೆಯ ಗೆಳತಿಯರನ್ನೂ ಬಿಟ್ಟು ಕಿಟಕಿ ಪಕ್ಕ ಕೂತುಬಿಟ್ಟಿದ್ದಳು. ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಹಗುರ ಲೋಹದ ಕೋಲೊಂದನ್ನು ಮಾಡಿಸಿ, ತಾನೇ ಲೇಪ ಹಚ್ಚಿ ತಂದಳು. ಅಮ್ಮ ಮಾರನೆಯ ದಿನವೇ ದಂಡೆಗೆ ಹೊರಟಳು. ಗೆಳತಿಯರು ಬಿಟ್ಟಾರೆಯೇ? ಅವರಿಗೂ ಅಂಥವೇ ಕೋಲುಗಳು ಬಂದವು. ಬೆಂಚಿಗೆ ಒರಗಿಸಿಟ್ಟರೆ ಯಾವುದು ಯಾರದೆಂದು ತಿಳಿಯದೆ ದಿನವೂ ಜಗಳ.

ಒಂದು ಸಂಜೆ ಅಮ್ಮನ ಕೋಲು ಒರೆಸುತ್ತಿದ್ದ ಅಕ್ಕ ಕಿರುಚಿದಳು. ಹಿಡಿಯ ಕೆಳಗೆ ಲೋಹ ಸವೆದ ಬಿಳಿ ಪುಡಿ ಉಬ್ಬಿತ್ತು. ಕೊಡವಿದರೆ, ಮೊಳೆಯಿಂದ ಗೀಚಿದ ಒಂದು ಹಕ್ಕಿ.

“ಅಮ್ಮಾ, ಯಾರು ಗೀಚಿದ್ದು ಇದನ್ನ?”

“ನಾನೇ ಕಣೇ, ಗುರುತಿಗೆ. ಚೆನ್ನಾಗಿಲ್ವಾ?”

“ಹಕ್ಕಿ ಚೆನ್ನಾಗೇ ಇದೆ, ಕೋಲನ್ನೇ ಕುಕ್ಕಿ ಕುಕ್ಕಿ ತಿಂತಿದೆ! ಹೀಗೇ ಬಿಟ್ಟಿದ್ರೆ ನಡೀತಿರುವಾಗ್ಲೇ ಮುರಿದು ನೀನು ಬೀಳ್ತಿದ್ದೆ.”

ಅಮ್ಮನ ಮುಖ ಸಪ್ಪಗಾಯಿತು. “ಹಾಗಾದ್ರೆ ಮತ್ತೆ ಆ ಕಬ್ಬಿಣದ ಕೋಲೇ ಗತೀನಾ?” ಎಂದು ಕಿಟಕಿಯತ್ತ ನೋಡಿದಳು. ಅಕ್ಕನ ಸಿಟ್ಟು ಅಲ್ಲೇ ಇಳಿದುಹೋಯಿತು.

ಮರುದಿನ ಅವಳು ಹಳೆ ಲೇಪ ತೆಗೆದು, ಸವೆದ ಜಾಗವನ್ನು ಉಜ್ಜಿ ನುಣುಪು ಮಾಡಿದಳು. ಬರಿಯ ಲೋಹದ ಮೇಲೆ ತಾನೇ ಒಂದು ಹಕ್ಕಿ ಕೊರೆದು, ಅದರ ಮೇಲೆ ಹೊಸ ಲೇಪ ಹಚ್ಚಿ ಕಾಯಿಸಿದಳು. ಗೀರು ಕಂಡರಾಗದ ಮೇಸ್ತ್ರಿ ಉಸಿರು ಬಿಗಿಹಿಡಿದು ಗೀರು ಹಾಕುವುದನ್ನು ನೋಡಲು ಕಾರ್ಖಾನೆಗೆ ಕಾರ್ಖಾನೆಯೇ ನೆರೆದಿತ್ತಂತೆ.

ಅಮ್ಮ ಕಪ್ಪು ಲೇಪದ ಮೇಲೆ ಬೆರಳಾಡಿಸಿ ಹಕ್ಕಿಯನ್ನು ಪತ್ತೆಹಚ್ಚಿದಳು. “ಇದೇನೇ, ಕೋಳಿ ಥರ ಇದೆ! ಹೋಗ್ಲಿ, ನಂದು ಅಂತ ಗೊತ್ತಾದ್ರೆ ಸಾಕು.” ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದವಳು ತಿರುಗಿದಳು. “ಬಾಲ ಮಾತ್ರ ಸಂಜೆ ನಾನೇ ತಿದ್ಕೋತೀನಿ, ಬಿಡು.”

ಅಮ್ಮ ದಂಡೆಯಿಂದ ಬರುವಷ್ಟರಲ್ಲಿ ಅಕ್ಕ ಮನೆಯಲ್ಲಿದ್ದ ಮೊಳೆಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಿದ್ದಳು.