ಆರಿಸದ ಸ್ವಿಚ್ಚು

ನನ್ನ ತಮ್ಮ ಸಣ್ಣ ವಿಮಾನಗಳ ಮೆಕ್ಯಾನಿಕ್. ತಲೆ ನರೆಯುವವರೆಗೂ ಇಂಜಿನ್ನು ಬಿಚ್ಚಿ ಜೋಡಿಸಿದವನು, ಒಂದು ದಿನವೂ ಹತ್ತಿ ಹಾರಿದವನಲ್ಲ. "ಒಳಗೆ ಏನೇನಿದೆ ಅಂತ ಗೊತ್ತಿರೋನು ಹತ್ತೋದಿಲ್ಲ ಅಕ್ಕ" ಎಂದು ನಗುತ್ತಿದ್ದ. ಮಗಳನ್ನು ಕೊಟ್ಟದ್ದು ಮಾತ್ರ ತಾನು ಕೆಲಸ ಮಾಡುವ ವಿಮಾನದ ಶೆಡ್ಡಿನ ಪೈಲಟ್‌ಗೆ. ಅಳಿಯ ದೂರದ ಆಸ್ಪತ್ರೆಗಳಿಗೆ ಔಷಧಿ ಒಯ್ಯುತ್ತಿದ್ದ. ಬಹಳ ಸಂಕೋಚದವನು, ಮಾವನ ಎದುರು ಕುರ್ಚಿಯ ತುದಿಯಲ್ಲೇ ಕೂರುವನು.

ಒಂದು ಬೇಸಿಗೆಯಲ್ಲಿ ಅವನ ವಿಮಾನದ ಪೆಟ್ರೋಲ್ ಒತ್ತಡ ತೋರಿಸುವ ಮೀಟರಿನ ಮುಳ್ಳು ಆಗಾಗ ಕುಸಿಯತೊಡಗಿತು. ಒತ್ತಡ ಬಿದ್ದರೆ ಇಂಜಿನ್ನಿಗೆ ಪೆಟ್ರೋಲ್ ಸಿಗದು, ನಡು ಆಕಾಶದಲ್ಲಿ ನಿಂತುಬಿಡುತ್ತದೆ. ತಮ್ಮ ಪೆಟ್ರೋಲ್ ಸೋಸುವ ಜಾಲರಿ ತೊಳೆದ, ಕೊಳವೆ ಬಿಗಿದ. ಬೆಳಿಗ್ಗೆ ತಂಪಿನಲ್ಲಿ ನೆಲದ ಮೇಲೆ ಓಡಿಸಿದರೆ ಎಲ್ಲ ಸರಿ. ಮೇಲೆ ಹೋದರೆ ಮತ್ತೆ ಅದೇ. ಶೆಡ್ಡಿನ ಯಜಮಾನರು, "ಮಾವ ರಿಪೇರಿ ಮಾಡುವುದು, ಅಳಿಯ ಕೆಡಿಸಿ ತರುವುದು, ಮನೆಮಂದಿಯೆಲ್ಲ ಸೇರಿ ಒಳ್ಳೆ ಕಸುಬು ಹಿಡಿದಿದ್ದೀರಿ" ಎಂದು ಎಲ್ಲರೆದುರು ಆಡಿಕೊಂಡರಂತೆ. ಕೊನೆಗೆ ತಮ್ಮ ಮೀಟರನ್ನೇ ಬದಲಿಸಿದ. ಅದಾದ ಮೇಲೆ ಅಳಿಯ ಪ್ರತಿ ಸಲ ಇಳಿದಾಗಲೂ ಒಂದೇ ಮಾತು: "ಸರಿಯಾಗಿದೆ ಮಾವ."

ನಾನೂ ದೇವರಿಗೆ ಕೈ ಮುಗಿದೆ. ಸ್ವಲ್ಪ ಬೇಗ ಮುಗಿದೆನೇನೋ.

ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಸೋರಿ ಒಣಗಿದ ಕಡೆ ಕಲೆ ಉಳಿಯುತ್ತದೆ. ಒಂದು ಮಧ್ಯಾಹ್ನ ಅಳಿಯನ ವಿಮಾನದ ಮೂತಿಯ ಕೆಳಗೆ, ತಗಡಿನ ಸಂದಿಯಲ್ಲಿ ಅಂಥ ನೀಲಿ ಗೆರೆ ತಮ್ಮನ ಕಣ್ಣಿಗೆ ಬಿತ್ತು. ಸುತ್ತಲಿನ ಜಾಗವನ್ನು ಯಾರೋ ಉಜ್ಜಿ ಒರೆಸಿದ್ದರು. ಅಳಿಯನನ್ನು ಕೇಳಿದರೆ, ತುಂಬಿಸುವಾಗ ಚೆಲ್ಲಿತು ಎಂದ. ತುಂಬಿಸುವುದು ರೆಕ್ಕೆಯ ಟ್ಯಾಂಕಿಗೆ, ಮೂತಿಯಲ್ಲಿರುವುದು ಇಂಜಿನ್ನು. ತಮ್ಮ ಕೈ ಒರೆಸಿಕೊಂಡು, ಅಳಿಯ ಮತ್ತೆ ಹೊರಟಾಗ ಹತ್ತಿ ಪಕ್ಕದ ಸೀಟಿನಲ್ಲಿ ಕೂತುಬಿಟ್ಟ.

ಪೆಟ್ರೋಲ್ ಎಳೆಯಲು ಅದರಲ್ಲಿ ಎರಡು ಪಂಪು. ಒಂದನ್ನು ಇಂಜಿನ್ನೇ ನಡೆಸುತ್ತದೆ. ಇನ್ನೊಂದು ಕರೆಂಟಿನದು, ಏರುವಾಗ ಇಳಿಯುವಾಗ ಆಸರೆಗೆ ಮಾತ್ರ. ಮೇಲೆ ಹೋದ ಮೇಲೆ ಆರಿಸಬೇಕು. ಅಂದು ಮೇಲೆ ಹೋದರೂ ಅಳಿಯನ ಕೈ ಸ್ವಿಚ್ಚಿನ ಕಡೆ ಹೋಗಲಿಲ್ಲ.

"ಆರಿಸಲ್ವಾ?"

"ಬೇಡಿ ಮಾವ."

ತಮ್ಮ ತಾನೇ ಆರಿಸಿದ. ಮುಳ್ಳು ತಲೆ ತಗ್ಗಿಸುತ್ತ ಕೆಳಗಿಳಿಯಿತು. ಇಂಜಿನ್ನು ಒಮ್ಮೆ ಕೆಮ್ಮಿತು. ತಕ್ಷಣ ಮತ್ತೆ ಹಾಕಿದ. ಕೆಳಗೆ ಬರೀ ಕಲ್ಲುಗುಡ್ಡ.

"ಯಾವಾಗಿಂದ ಹೀಗೆ ಆರಿಸದೇ ಹಾರಿಸ್ತಿದೀಯ?"

"ನೀವು ಮೀಟರ್ ಬದಲಿಸಿದ ದಿನದಿಂದ. ಎಲ್ಲರೂ ನಿಮ್ಮನ್ನ ಆಡ್ಕೊಳ್ತಿದ್ರು. ಮತ್ತೆ ಹೋಯ್ತು ಅಂತ ಹೇಗೆ ಹೇಳಲಿ?"

ಅಲ್ಲಿಂದಲೇ ತಿರುಗಿಸಿದರು. ಇಳಿಯುವವರೆಗೂ ತಮ್ಮ ಸ್ವಿಚ್ಚಿನ ಮೇಲಿಂದ ಬೆರಳು ತೆಗೆಯಲಿಲ್ಲ. ಇಂಜಿನ್ ಪಂಪು ಬಿಚ್ಚಿದರೆ ಒಳಗಿನ ರಬ್ಬರು ಹಾಳೆ ಸೀಳಿಹೋಗಿತ್ತು. ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ಕಾದಾಗ ಬಾಯಿ ಬಿಡುತ್ತಿತ್ತು. ಸೋರಿದ ಪೆಟ್ರೋಲು ಕೆಂಪಗೆ ಕಾಯುವ ಹೊಗೆ ಕೊಳವೆಯ ಪಕ್ಕದಲ್ಲೇ ಹರಿದು ಹೋಗಿತ್ತು.

ಹೊಸ ಪಂಪು ಬಂತು. ಅಳಿಯ ಈಗಲೂ ಇಳಿದು ಬಂದು "ಸರಿಯಾಗಿದೆ ಮಾವ" ಅನ್ನುತ್ತಾನೆ. ತಮ್ಮ ಮೂತಿಯ ಕೆಳಗೆ ಅಂಗಾತ ಮಲಗಿ, ಬಿಳಿ ಬಟ್ಟೆಯಲ್ಲಿ ಸಂದಿ ಒರೆಸಿ, ಬೆಳಕಿಗೆ ಹಿಡಿಯುತ್ತಾನೆ. ಅವನು ಏಳುವವರೆಗೂ ಅಳಿಯ ಅಲ್ಲೇ ನಿಂತಿರುತ್ತಾನೆ.