ರುದ್ರವ್ವನ ತಗಡಿನ ರೈಲು

ರುದ್ರವ್ವ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ‘ಕೂ’ ಎಂದು ಕೂಗಿದರೆ, ಹೊಸಪೇಟೆ ಸ್ಟೇಷನ್ನಿನಲ್ಲಿ ಜನ ಗಾಡಿ ಬಂತೆಂದು ಗಂಟು ಎತ್ತಿಕೊಂಡು ಓಡುತ್ತಿದ್ದರಂತೆ. ಇದನ್ನು ಅವಳೇ ಹೇಳುತ್ತಿದ್ದಳು, ನಂಬದವರ ಮೇಲೆ ರೇಗುತ್ತಿದ್ದಳು. ನಾನಂತೂ ನಂಬಿದೆ. ಕಂಪ್ಲಿಯಿಂದ ಸೊಸೆಯಾಗಿ ಬಂದು ಸೇರಿದ್ದೇ ಆ ದನಿಯ ಪಕ್ಕದ ಮನೆಗೆ.

ಅವಳ ಗಂಡ ರೈಲ್ವೆಯಲ್ಲಿ ಸಿಗ್ನಲ್ಲಿನ ಕೈಮರ ಎಳೆಯುವ ಕೆಲಸದಲ್ಲಿದ್ದು ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದ. ಆ ವರ್ಷ ನವರಾತ್ರಿಗೆ ಗೊಂಬೆ ಕೂರಿಸಲು ಹೋದವಳ ಕೈಯಿಂದ ಓಣಿಯ ಹೆಂಗಸರು ಗೊಂಬೆ ಕಿತ್ತುಕೊಂಡರಂತೆ. ವಿಧವೆ ಮುಟ್ಟಬಾರದಂತೆ! ಎಂಥ ಮಾತು! ರುದ್ರವ್ವ ಅಳಲಿಲ್ಲ. ಬಿಸ್ಕತ್ತಿನ ಡಬ್ಬ ಕತ್ತರಿಸಿ ಇಂಜಿನ್ ಮಾಡಿದಳು, ದಾರದ ಉರುಳೆಗಳನ್ನು ಗಾಲಿ ಮಾಡಿದಳು, ತನ್ನ ಜಗಲಿಯ ಮೇಲೆ ರೈಲು ಹೂಡಿದಳು.

“ಗೊಂಬಿ ಕುಂದ್ರಸಾಕ ಮುತ್ತೈದಿ ಬೇಕಂತ. ರೈಲು ಬಿಡಾಕ ಯಾರ್ ಬೇಕಂತ ಯಾವ ಶಾಸ್ತ್ರದಾಗ ಬರದಾರ? ತೋರಸ್ರಿ!”

ಮೊದಲು ಮಕ್ಕಳು ನೋಡಲು ಬಂದರಂತೆ, ಆಮೇಲೆ ಅವರ ತಾಯಂದಿರು.

ನಾನು ಬರುವ ಹೊತ್ತಿಗೆ ಅದು ಓಣಿಯ ಪದ್ಧತಿಯೇ ಆಗಿತ್ತು. ಮಹಾನವಮಿಯ ಸಂಜೆ ಮನೆಗೊಂದು ಡಬ್ಬಿ ಮಾಡಿಕೊಂಡು ಬಂದು ಅವಳ ಇಂಜಿನ್ನಿಗೆ ಹಚ್ಚಬೇಕು. ಒಂದರಲ್ಲಿ ಸಂಡೂರಿನ ಕೆಂಪು ಕಲ್ಲು, ಇನ್ನೊಂದರಲ್ಲಿ ಬುಕ್ಕಸಾಗರದ ಭತ್ತ. ಸಾಲಾಗಿ ಇಟ್ಟ ಇಟ್ಟಿಗೆಗಳೇ ಸ್ಟೇಷನ್ನು. ಮೊದಲು ಬಂದವರ ಡಬ್ಬಿ ಮುಂದೆ, ತಡವಾದವರದು ಹಿಂದೆ, ಅಷ್ಟೇ. ಹಳಿಯಾಚೆಯ ಕೇರಿಯ ಗ್ಯಾಂಗ್‌ಮನ್ ದುರುಗಪ್ಪ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಅವನ ಡಬ್ಬಿ ಯಾವಾಗಲೂ ಇಂಜಿನ್ನಿನ ಬೆನ್ನಿಗೇ ಇರುತ್ತಿತ್ತು.

ಒಂದು ವರ್ಷ ಅಕ್ಕಿ ಗಿರಣಿಯ ಶಂಕ್ರಪ್ಪ ಸಾಹುಕಾರರು ಮದ್ರಾಸಿನಿಂದ ಕೀಲಿ ಕೊಟ್ಟರೆ ತಾನೇ ಸುತ್ತುವ ವಿಲಾಯಿತಿ ರೈಲು ತರಿಸಿದರು. “ಜಗಲಿ ಸಣ್ದು. ಈ ಸಲ ಎಲ್ಲಾರೂ ನಮ್ಮ ಪಡಸಾಲ್ಯಾಗ ಹೂಡ್ರಿ” ಎಂದು ಕರೆದರು. ರುದ್ರವ್ವ ಒಪ್ಪಿದಳು. ಅಲ್ಲಿ ತನ್ನ ಇಂಜಿನ್ನಿಗೆ ಓಣಿಯ ಡಬ್ಬಿಗಳನ್ನೆಲ್ಲ ಹಚ್ಚಿದ ಮೇಲೆ ಸುತ್ತ ನೋಡಿ, “ದುರುಗಪ್ಪ ಎಲ್ಲಿ?” ಎಂದಳು. ಅವನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದ್ದರು.

“ಅವನ ಡಬ್ಬಿ ಒಳಗ ಬ್ಯಾಡ. ಅಲ್ಲಿಂದಾನ ನೋಡ್ಲಿ” ಎಂದರು ಸಾಹುಕಾರರು.

“ಸಾಹುಕಾರ್ರ, ನಿಮ್ಮ ಅಕ್ಕಿ ಮೂಟಿ ಗುಂತಕಲ್ಲಿಗೆ ಹೋಗೋ ಹಳಿ ದಿನಾ ಮುಟ್ಟೋ ಕೈ ಅದು. ಅವ ಹಾಕಿದ ಹಳಿ ನಡೀತೈತಿ, ಅವ ಮಾಡಿದ ಡಬ್ಬಿ ನಡ್ಯಂಗಿಲ್ಲೇನು?”

ಇಂಜಿನ್ನಿನ ದಾರ ಹಿಡಿದು ಹೊರಟೇಬಿಟ್ಟಳು. ಹಿಂದೆ ಹಚ್ಚಿದ್ದ ಡಬ್ಬಿಗಳೆಲ್ಲ ಗಡಗಡ ಸದ್ದು ಮಾಡುತ್ತ ಹೊಸ್ತಿಲು ದಾಟಿ ಬೀದಿಗೆ ಬಂದವು. ಅಲ್ಲಿ ದುರುಗಪ್ಪನ ಡಬ್ಬಿಯನ್ನು ಇಂಜಿನ್ನಿನ ಬೆನ್ನಿಗೇ ಹಚ್ಚಿದಳು. ಆಮೇಲೆ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಒಬ್ಬೊಬ್ಬರೇ ಬಂದು ತಂತಮ್ಮ ಡಬ್ಬಿ ಬಿಚ್ಚಿಕೊಂಡು ಒಳಗೆ ಹೋದರು. ಅಲ್ಲಿ ಗ್ಯಾಸ್‌ಲೈಟಿತ್ತು, ಕೋಸಂಬರಿಯಿತ್ತು. ನಮ್ಮ ಅತ್ತೆಯೂ ಹೋದರು! ನಾನು ಅವರ ಕೈಯಿಂದ ಡಬ್ಬಿ ಕಸಿದು ತಂದು ದುರುಗಪ್ಪನ ಡಬ್ಬಿಯ ಹಿಂದೆ ಹಚ್ಚಿದೆ. ಅದಕ್ಕೆ ಮನೆಯಲ್ಲಿ ಅನ್ನಿಸಿಕೊಂಡದ್ದು ಅಷ್ಟಿಷ್ಟಲ್ಲ.

ಅಲ್ಲಿಂದ ಮುಂದೆ ಪ್ರತಿವರ್ಷ ರುದ್ರವ್ವನ ಜಗಲಿಯ ಮೇಲೆ ಎರಡೇ ಡಬ್ಬಿ, ದುರುಗಪ್ಪನದು ಮತ್ತು ನಮ್ಮದು. ರುದ್ರವ್ವ ಹಾಸಿಗೆ ಹಿಡಿದ ವರ್ಷ ಸಾಹುಕಾರರ ಪಡಸಾಲೆಯವರು ತಮ್ಮ ವಿಲಾಯಿತಿ ರೈಲಿಗೆ ‘ರುದ್ರವ್ವನ ರೈಲು’ ಎಂದು ಹೆಸರಿಟ್ಟು ಹಾರ ಹಾಕಿದರು. ನಾಚಿಕೆ ಬೇಡವೇ? ನಾನು ಹೋಗಿ ನೋಡಿಬಂದು ಅವಳಿಗೆ ಹೇಳಿದೆ.

“ದುರುಗಪ್ಪಂದು ಹಚ್ಯಾರೇನು?” ಎಂದಳು.

“ಇಲ್ಲವ್ವ. ನಿನ್ನ ಹೆಸರು ಕೇಳಿ ಡಬ್ಬಿ ತಂದಾನ, ಮೆಟ್ಟಿಲ ಕೆಳಗ ನಿಲ್ಲಿಸ್ಯಾರ.”

ಎದ್ದು ಕೂರಲು ನೋಡಿದಳು, ಆಗಲಿಲ್ಲ. “ಹಂಗಾದ್ರ ನನ್ನ ಹೆಸರು ಯಾಕ? ತಗೀರಿ ಅಂತ ಹೇಳು” ಎಂದಳು. ಅದೇ ಅವಳು ನನಗೆ ಹೇಳಿದ ಕೊನೆಯ ಮಾತು. ಹೋಗಿ ಹೇಳಿದೆ. ನಕ್ಕರು. ಹೆಸರು ತೆಗೆಯಲಿಲ್ಲ.

ದೀಪಾವಳಿಗೆ ಮೊದಲೇ ಅವಳು ಹೋದಳು. ಮುಂದಿನ ನವಮಿಗೆ ಅವಳ ಇಂಜಿನ್ನನ್ನು ಸಾಹುಕಾರರ ಮೆಟ್ಟಿಲ ಎದುರಿಗೇ, ನಡುಬೀದಿಯಲ್ಲಿ ಇಟ್ಟೆ. ದುರುಗಪ್ಪ ತನ್ನ ಡಬ್ಬಿ ಹಚ್ಚಿದ. ನಾನು ನಮ್ಮದು ಹಚ್ಚಿ ದಾರ ಹಿಡಿದೆ.

“ಕೂಗ್ರೆವ್ವಾ” ಎಂದ ಅವನು. “ಆಕಿ ಎಂದೂ ಕೂಗೇ ರೈಲು ಬಿಡ್ತಿದ್ಲು.”

ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಆ ಪಡಸಾಲೆಯ ಕಡೆ ಮುಖಮಾಡಿ, ಗಂಟಲು ಹರಿಯುವಂತೆ ಕೂಗಿದೆ.