ಬಾಗೆ ಮರದ ಸೀನು

ಬಂಡಳ್ಳಿಯಲ್ಲಿ ನಮ್ಮ ಹೊಲದ ಬದುವಿನ ಮೇಲೆ ಒಂದು ಬಾಗೆ ಮರವಿತ್ತು. ಎಲೆ ಉದುರಿದ ಮೇಲೆ ಅದರ ಒಣಗಿದ ಕಾಯಿಗಳು ಸಣ್ಣ ಗಾಳಿಗೂ ಗಲಗಲ ಅನ್ನುತ್ತಿದ್ದವು. ನನ್ನ ಬಾಯಿಯೂ ಹಾಗೇ, ಒಂದು ಗಳಿಗೆ ಸುಮ್ಮನಿರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು, ಮನೆಯಲ್ಲಿ ನನ್ನ ಮದುವೆಯ ಮಾತು ಶುರುವಾಗಿತ್ತು. ಅಪ್ಪ ಆ ಮರವನ್ನು ಕಡಿಸಿದ. ಮಗಳು ಗಂಡನ ಮನೆಗೆ ತೆಗೆದುಕೊಂಡು ಹೋಗುವ ಬಟ್ಟೆ ಪೆಟ್ಟಿಗೆ ನಮ್ಮ ಹೊಲದ ಮರದ್ದೇ ಆಗಬೇಕು ಅನ್ನುವುದು ಅವನ ಹಟ. ಗಂಡೇ ಗೊತ್ತಾಗಿಲ್ಲ, ಆಗಲೇ ಪೆಟ್ಟಿಗೆಯೇ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ಎಂದು ಅಜ್ಜಿ ಮೂಗು ಮುರಿದಳು.

ದಿಮ್ಮಿಯನ್ನು ಒಂದು ಮಳೆಗಾಲ ಕೆರೆಯಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಿನಲ್ಲಿ ಒಣಗಿಸಿದ್ದಾಯಿತು. ಆಚಾರಿ ಬಂದು ನಮ್ಮ ಅಂಗಳದಲ್ಲೇ ಕೊಯ್ಯಲು ಕೂತ. ಹೊರಗಿನ ಸುತ್ತೆಲ್ಲ ಬಿಳಿ, ಒಳಗಿನ ಚೇಗು ಮಾತ್ರ ಹಳೇ ಬೆಲ್ಲದ ಬಣ್ಣ. ಬಿಳಿಯದಕ್ಕೆ ಹುಳ ಬೀಳುತ್ತದೆಂದು ಅದನ್ನು ಒಲೆಗೆ ಹಾಕಿದರು, ಕಪ್ಪನ್ನು ಪೆಟ್ಟಿಗೆಗೆ ಇಟ್ಟುಕೊಂಡರು. ನಾನೂ ಕಪ್ಪೇ. ಹುಡುಗಿ ಬಣ್ಣ ಕಮ್ಮಿ ಅಂತ ಅಷ್ಟರಲ್ಲಿ ಎರಡು ಕಡೆಯವರು ಎದ್ದು ಹೋಗಿದ್ದರು. ಆ ಬಿಳಿ ತುಂಡುಗಳನ್ನು ಒಲೆಗೆ ನೂಕುವಾಗ ನನಗಂತೂ ಬಹಳ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಈ ಮರದ ದೊಡ್ಡ ಉಪದ್ರವವೆಂದರೆ ಅದರ ಹೊಟ್ಟು. ಗರಗಸ ಆಡಿತೆಂದರೆ ಏಳುವ ಪುಡಿ ಮೂಗಿಗೆ ಹೋಗುತ್ತದೆ, ಹೋಯಿತೆಂದರೆ ಸೀನು. ಆಚಾರಿ ಮೂಗಿಗೆ ವಸ್ತ್ರ ಕಟ್ಟಿಕೊಂಡೇ ಸೀನುತ್ತಿದ್ದ. ಅಡುಗೆ ಮನೆಯಲ್ಲಿ ಅವ್ವ, ಜಗಲಿಯಲ್ಲಿ ಅಜ್ಜಿ, ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯವರು, ಎಲ್ಲರೂ ಸೀನಿದರು. ಹಲಗೆ ನುಣುಪು ಮಾಡುವುದೂ ಸಲೀಸಲ್ಲ. ಎಳೆ ಒಂದೇ ಕಡೆಗೆ ಓಡುವುದಿಲ್ಲವಾದ್ದರಿಂದ ತೋಪಡ ಹೊಡೆದರೆ ಒಂದು ಕಡೆ ನುಣ್ಣಗಾಗಿ ಪಕ್ಕದಲ್ಲೇ ಸಿಬಿರು ಏಳುತ್ತಿತ್ತು. ಅದನ್ನು ಉಪ್ಪುಕಾಗದದಲ್ಲಿ ಉಜ್ಜುವ ಕೆಲಸ ನಾನೇ ವಹಿಸಿಕೊಂಡೆ. ಉಜ್ಜಿ ಹುಚ್ಚೆಳ್ಳೆಣ್ಣೆ ತೀಡಿದಾಗ ಒಳಗಿದ್ದ ಕರಿ ಗೆರೆಗಳೆಲ್ಲ ಎದ್ದು ಕಂಡವು. ನಾನು ಕೈ ತೆಗೆಯದೆ ಬಹಳ ಹೊತ್ತು ಸವರುತ್ತ ಕೂತಿದ್ದೆ.

ಮುಚ್ಚಳ ಕೂರಿಸುವಾಗ ಮೊಳೆಗಳೆಲ್ಲ ಬಗ್ಗಿಹೋದವು. ಬೇರೆ ತರಲು ಅಪ್ಪ ಕೌದಳ್ಳಿಗೆ ಹೊರಟಾಗ ನಾನೂ ಗಂಟುಬಿದ್ದೆ. ಅಲ್ಲಿನ ಒಂದು ಅಂಗಡಿಯಲ್ಲಿ ಮೊಳೆಯೂ ಸಿಗುತ್ತಿತ್ತು, ಮೆಣಸಿನಕಾಯಿಯೂ ಸಿಗುತ್ತಿತ್ತು. ಅಂಗಡಿಯವರ ಮಗ ಮೆಣಸಿನಕಾಯಿ ಮೂಟೆಗಳ ನಡುವೆ ಕೂತು ತೂಕ ಮಾಡುತ್ತಿದ್ದ. ಘಾಟಿಗೆ ಅಪ್ಪ ಕೆಮ್ಮಿದ, ನನ್ನ ಕಣ್ಣು ಮೂಗು ಎರಡರಲ್ಲೂ ನೀರು. ಆತ ಮಾತ್ರ ಮಲ್ಲಿಗೆ ರಾಶಿಯ ಪಕ್ಕದಲ್ಲಿ ಕೂತವನ ಹಾಗೆ ಆರಾಮವಾಗಿದ್ದ. ಯಾವ ಮರ ಎಂದು ಕೇಳಿ, ಬಾಗೆ ಎಂದು ತಿಳಿದ ಮೇಲೆ ಅಪ್ಪನಿಗೆ ಹೇಳಿದ:

"ಅದಕ್ಕೆ ಮೊಳೆ ಬ್ಯಾಡ ಕಣ್ರಿ, ಸ್ಕ್ರೂ ತಕಂಡೋಗಿ. ಮೊದ್ಲು ತೂತ ಕೊರ್ಸಿ, ಇಲ್ದಿದ್ರೆ ಅಲಗೆ ಸೀಳೋಯ್ತದೆ."

ಹೇಳುತ್ತಲೇ, ತಕ್ಕಡಿಯಿಂದ ಕಣ್ಣು ತೆಗೆಯದೆ, ಒಂದು ಚೊಂಬು ನೀರನ್ನು ನನ್ನ ಕಡೆಗೆ ಸರಿಸಿದ. ನನಗೆ ಅವನ ಮೇಲೆ ಮನಸ್ಸಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಸ್ವಲ್ಪ ದಿನಕ್ಕೇ ಅದೇ ಅಂಗಡಿಯವರ ಮನೆಯಿಂದ ಹೆಣ್ಣು ಕೇಳಿಕೊಂಡು ಬಂದರು. ಇದೊಂದು ಕೈತಪ್ಪಬಾರದು ಎಂದು ನಾನು ಹರಸಿಕೊಳ್ಳದ ದೇವರಿಲ್ಲ. ಆದರೆ ಅವರ ಕಡೆ ಮಾತು ನಡೆಯುವುದು ಹುಡುಗನ ದೊಡ್ಡಪ್ಪನದು. ಶಕುನ ಕೆಟ್ಟರೆ ಅರ್ಧ ದಾರಿಯಿಂದ ಮನೆಗೆ ತಿರುಗುವ ಮನುಷ್ಯ ಎಂದು ಮೊದಲೇ ತಿಳಿದಿತ್ತು. ಅವರು ಬರುವ ದಿನ ಅಜ್ಜಿ ಮನೆಯ ಬೆಕ್ಕನ್ನು ಹಿಡಿದು ಮಂಕರಿಯ ಅಡಿ ಹಾಕಿದಳು. ಆಚಾರಿಗೆ ರಜ ಕೊಟ್ಟು, ಹೊಟ್ಟನ್ನೆಲ್ಲ ಬಾಗಿಲ ಮೂಲೆಗೆ ಗುಡಿಸಿ, ಮೇಲೆ ಗೋಣಿತಾಟು ಹೊದಿಸಿದ್ದೆವು.

ಎಲ್ಲ ಚೆನ್ನಾಗಿಯೇ ನಡೆಯಿತು. ನಾನು ಹಣ್ಣಿನ ತಟ್ಟೆ ಹಿಡಿದು ಬಂದು ಬಾಗಿಲ ಹತ್ತಿರ ನಿಂತೆ. ದೊಡ್ಡಪ್ಪ ಎರಡು ಮಾತು ಕೇಳಿದರು, ಪೆಟ್ಟಿಗೆಯನ್ನು ಸವರಿ ನೋಡಿದರು, ನನ್ನ ಬಣ್ಣದ ಸುದ್ದಿಗೇ ಹೋಗಲಿಲ್ಲ. ಗಂಟಲು ಸರಿ ಮಾಡಿಕೊಂಡು, ಆಯಿತು, ನಮ್ಮ ಕಡೆಯಿಂದ... ಎಂದು ಬಾಯಿ ತೆರೆದರು. ಅದೇ ಹೊತ್ತಿಗೆ ಹೊರಗಿನಿಂದ ಗಾಳಿ ನುಗ್ಗಿ ಗೋಣಿತಾಟು ಎದ್ದಿತು. ನಾನು ಸೀನಿಬಿಟ್ಟೆ.

ದೊಡ್ಡಪ್ಪ ಮಾತು ನಿಲ್ಲಿಸಿ ಟವೆಲನ್ನು ಹೆಗಲಿಗೆ ಹಾಕಿಕೊಂಡರು.

"ಒಂಟಿ ಸೀನು. ಇವತ್ತು ಬ್ಯಾಡ ಕಣ್ರಿ, ಇನ್ನೊಂದಿನ ನೋಡವ."

ಆ ಇನ್ನೊಂದು ದಿನ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅದು ಮರದ ಗುಣ, ಹೊಟ್ಟಿನ ಗುಣ ಎಂದು ಅಪ್ಪ ಏನೇನೋ ಹೇಳಿದ. ಅವರು ಕೇಳಿಸಿಕೊಳ್ಳದೆ ಮೇಲೆದ್ದರು. ಜೋಡಿ ಸೀನಾದರೆ ದೋಷವಿಲ್ಲವಲ್ಲ, ಇನ್ನೊಂದು ಸೀನಿಬಿಡೋಣ ಎಂದು ನಾನು ತಲೆ ತಗ್ಗಿಸಿಕೊಂಡೇ ಮೂಗನ್ನು ಎಳೆದೆ, ಮತ್ತೆ ಎಳೆದೆ. ವಾರವೆಲ್ಲ ಕರೆಯದೆ ಬಂದ ಸೀನು ಬೇಕಾದಾಗ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದು ಹೊಟ್ಟಿನದಲ್ಲ.

ಆಗ ಚಾಪೆಯ ಆ ತುದಿಯಲ್ಲಿ ಕೂತಿದ್ದ ಹುಡುಗ ಸೀನಿದ. ಅಂಥಿಂಥ ಸೀನಲ್ಲ, ಮಂಕರಿಯೊಳಗಿನ ಬೆಕ್ಕು ಹೆದರಿ ಕೂಗಿಕೊಂಡಿತು. ಅಜ್ಜಿ ಸಮಯ ಬಿಡುವವಳಲ್ಲ.

"ಎಣ್ಣಿನ ಕಡೀದೊಂದು, ಗಂಡಿನ ಕಡೀದೊಂದು. ಜೋಡಿ ಆಯ್ತಲ್ಲಪ್ಪ, ಇದಕ್ಕಿಂತ ಶಕುನ ಇನ್ನೇನು ಬೇಕು? ಕೂತ್ಕಳಿ."

ದೊಡ್ಡಪ್ಪ ಅವಳ ಮುಖ ನೋಡಿದರು, ಹುಡುಗನ ಮುಖ ನೋಡಿದರು. ಶಾಸ್ತ್ರಕ್ಕೆ ಶಾಸ್ತ್ರ ಅಡ್ಡ ಬಂದ ಮೇಲೆ ಮಾಡುವುದೇನು, ಟವೆಲು ತೆಗೆದು ಕೂತರು. ನಾನು ಪೆಟ್ಟಿಗೆಯ ಜೊತೆ ಕೌದಳ್ಳಿಗೆ ಬಂದೆ. ಆ ಮರವೇ ಕೆಡಿಸಲು ನೋಡಿತು, ಆ ಮರವೇ ಉಳಿಸಿತು ಎಂದು ಎಷ್ಟೋ ವರ್ಷ ಬಂದವರಿಗೆಲ್ಲ ಕಥೆ ಹೇಳುತ್ತಿದ್ದೆ. ನಮ್ಮ ಯಜಮಾನರು ಅದನ್ನು ಕೇಳುತ್ತ ತೂಕ ಮಾಡಿಕೊಂಡಿರುತ್ತಿದ್ದರು.

ಮಗ ಶಾಲೆಗೆ ಸೇರಿದ ವರ್ಷ ಅಪ್ಪ ಉಳಿದಿದ್ದ ಬಾಗೆ ಹಲಗೆಗಳನ್ನು ಗಾಡಿಯಲ್ಲಿ ಕಳಿಸಿದ. ಮಕ್ಕಳಿಗೆ ಮಂಚ ಮಾಡಿಸಲು ಅಂಗಳದಲ್ಲೇ ಕೊಯ್ಯಿಸಿದೆವು. ಆಳು ಸಾಲದೆ ಗರಗಸದ ಒಂದು ತುದಿಯನ್ನು ಯಜಮಾನರೇ ಹಿಡಿದಿದ್ದರು. ಆಚಾರಿ ಸೀನಿದ, ಅತ್ತೆ ಸೀನಿದರು, ಮಕ್ಕಳು ನಾಮುಂದು ತಾಮುಂದು ಎಂದು ಸೀನಿದವು. ಇವರ ಮೀಸೆಯ ಮೇಲೆಲ್ಲ ಹೊಟ್ಟು ಕೂತಿದೆ, ಸೀನಿನ ಸುಳಿವೇ ಇಲ್ಲ. ಮೆಣಸಿನಕಾಯಿ ಮೂಟೆಗಳ ನಡುವೆ ಬೆಳೆದ ಮೂಗದು. ಹುಟ್ಟಿದಾಗಿನಿಂದ ಅವನು ಸೀನಿದ್ದನ್ನೇ ನಾನು ಕಂಡಿಲ್ಲ ಎಂದು ಅತ್ತೆ ಹೇಳಿದರು.

ಹಾಗಾದರೆ ಅವತ್ತಿನ ಸೀನು ಯಾವುದು ಎಂದು ನಾನು ಎದುರಿಗೆ ನಿಂತು ಕೇಳಿದೆ. ಅವರು ಗರಗಸ ಎಳೆಯುತ್ತಲೇ ನಕ್ಕರು.

"ನೀನು ಮೂಗೆಳ್ಕಂಡು ಒದ್ದಾಡ್ತಿದ್ದೆ. ಆಗ್ಲೇ ಗೊತ್ತಾಗಿದ್ದು ನಂಗೆ, ನಿಂಗೂ ಮನ್ಸದೆ ಅಂತ. ನಿಂಗೆ ಬರ್ನಿಲ್ಲ ಕಣಮ್ಮಿ, ಅದಕ್ಕೆ ನಾನೇ ಸೀನ್ದೆ."

ನಾನು ಏನೋ ಹೇಳಲು ಬಾಯಿ ತೆರೆದೆ, ಸೀನು ಬಂತು. ಅವರು ಗರಗಸ ನಿಲ್ಲಿಸಿ, ಅವತ್ತಿನದೇ ಆ ದೊಡ್ಡ ಸೀನನ್ನು ಇನ್ನೊಮ್ಮೆ ಸೀನಿದರು.